ಮೂರು ಮಾತು, ಮೂರೂ ಅನುಮಾನ

ಎಂಬತ್ತು ವರ್ಷಕ್ಕೂ ಮಿಕ್ಕಿ ಯುರೋಪಿನ ನಿದ್ದೆಗೆಡಿಸಿದ ಹೂಣರ ಭಾಷೆಯದೆಂದು ಇವತ್ತಿಗೆ ಉಳಿದಿರುವುದು ಮೂರೇ ಶಬ್ದ. ಎರಡು ಕುಡಿಯುವ ಪದಾರ್ಥದ ಹೆಸರು, ಇನ್ನೊಂದು ಸತ್ತವರಿಗಾಗಿ ಮಾಡುವ ಊಟದ್ದು. ಪೂರ್ತಿ ವಾಕ್ಯ ಒಂದೂ ಇಲ್ಲ, ಕ್ರಿಯಾಪದ ಇಲ್ಲ, ಒಂದರಿಂದ ಹತ್ತರವರೆಗಿನ ಎಣಿಕೆ ಇಲ್ಲ. ಅಪ್ಪ, ಅಮ್ಮ, ನೀರು, ಬೆಂಕಿ ಯಾವುದೂ ಇಲ್ಲ. ಇರುವ ಮೂರರ ಮೇಲೂ ಅನುಮಾನ.

ಹೂಣರು ಎಂದರೆ ನಮಗೆ ನೆನಪಾಗುವುದು ಶಾಲೆಯ ಇತಿಹಾಸದ ಪಾಠ: ಸ್ಕಂದಗುಪ್ತ, ತೋರಮಾಣ, ಮಿಹಿರಕುಲ, ಅವನನ್ನು ಮಣಿಸಿದ ಯಶೋಧರ್ಮ. ಅವರಿಗೂ ಅಟ್ಟಿಲಾನ ಹೂಣರಿಗೂ ಏನು ನಂಟು ಎಂಬುದು ಬೇರೆಯದೇ ವ್ಯಾಜ್ಯ. ನಮ್ಮಲ್ಲಿ ಆ ಹೆಸರು ಕ್ರಮೇಣ ಎಷ್ಟು ಸಡಿಲವಾಯಿತೆಂದರೆ, 17ನೆಯ ಶತಮಾನದಲ್ಲಿ ವೆಂಕಟಾಧ್ವರಿ ತನ್ನ ‘ವಿಶ್ವಗುಣಾದರ್ಶ ಚಂಪು’ವಿನಲ್ಲಿ ಚೆನ್ನಪಟ್ಟಣಕ್ಕೆ ಬಂದು ಕೂತ ಯುರೋಪಿಯನ್ನರನ್ನೇ ಹೂಣರೆಂದು ಕರೆದ. ಯಾರ ಪೂರ್ವಿಕರು ಹೂಣರ ಕುದುರೆಗೆ ಹೆದರಿ ಊರು ಬಿಟ್ಟರೋ ಅವರಿಗೇ ಆ ಹೆಸರು ಅಂಟಿತು! ಇರಲಿ, ಇಲ್ಲಿನ ಮಾತು ಪಶ್ಚಿಮಕ್ಕೆ ಹೋದವರದು.

ಸುಮಾರು 370ರಲ್ಲಿ ಅವರು ಕಪ್ಪುಸಮುದ್ರದ ಉತ್ತರದ ಬಯಲಿನಲ್ಲಿ ಕಾಣಿಸಿಕೊಂಡರು. ಅಲನರನ್ನು ಬಗ್ಗಿಸಿದರು, ಗೋಥರನ್ನು ಅಟ್ಟಿದರು. 376ರಲ್ಲಿ ಗೋಥರು ಗುಂಪುಗುಂಪಾಗಿ ಡ್ಯಾನ್ಯೂಬ್ ದಾಟಿ ರೋಮನ್ನರ ಆಶ್ರಯ ಬೇಡಿದರು. ಅಲ್ಲಿಂದ ರೋಮಿನ ಗ್ರಹಚಾರ ಶುರುವಾಯಿತು. 434ರಲ್ಲಿ ಅಟ್ಟಿಲಾ, ಬ್ಲೇಡಾ ಎಂಬ ಅಣ್ಣತಮ್ಮಂದಿರು ಪಟ್ಟಕ್ಕೆ ಬಂದರು. ಹತ್ತು ಹನ್ನೊಂದು ವರ್ಷದಲ್ಲಿ ಬ್ಲೇಡಾ ಇಲ್ಲವಾದ, ಅಟ್ಟಿಲಾನೊಬ್ಬನೇ ಉಳಿದ. 453ರಲ್ಲಿ ಇನ್ನೊಂದು ಮದುವೆಯಾದ ರಾತ್ರಿ ಅವನೂ ತೀರಿಕೊಂಡ. ಮರುವರ್ಷವೇ ನೆಡಾವೋ ನದಿಯ ಬಳಿ ಅವನ ಮಕ್ಕಳು ತಮ್ಮ ಅಡಿಯಾಳುಗಳಾಗಿದ್ದ ಜನರಿಂದಲೇ ಸೋತರು. ಕತೆ ಅಷ್ಟೇ. ಆ ಕಾಲದ ರೋಮನ್ ಲೇಖಕ ಅಮ್ಮಿಯಾನಸ್ ಹೂಣರ ಮುಖ, ಉಡುಪು, ಕುದುರೆಯ ಬೆನ್ನಿಗೂ ತೊಡೆಗೂ ನಡುವೆ ಇಟ್ಟು ಬೆಚ್ಚಗೆ ಮಾಡಿದ ಮಾಂಸ ಎಲ್ಲವನ್ನೂ ಮೂಗು ಮುರಿಯುತ್ತಾ ಬಣ್ಣಿಸಿದ. ಅವರ ಬಾಯಿಂದ ಬಂದ ಒಂದು ಮಾತನ್ನೂ ಬರೆದಿಡಲಿಲ್ಲ.

ಬರೆದಿಟ್ಟವನು ಪ್ರಿಸ್ಕಸ್. ಥ್ರೇಸ್ ಪ್ರಾಂತ್ಯದ ಪಾನಿಯಂ ಎಂಬ ಊರಿನವನು, ಗ್ರೀಕ್ ಬಲ್ಲ ವಿದ್ಯಾವಂತ. 449ರಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಅಟ್ಟಿಲಾನಲ್ಲಿಗೆ ಹೊರಟ ರಾಯಭಾರಿ ಮ್ಯಾಕ್ಸಿಮಿನಸ್ ಇವನನ್ನು ಜೊತೆಗೆ ಕರೆದುಕೊಂಡ. ಇವರಿಬ್ಬರಿಗೂ ತಿಳಿಯದ ಸಂಗತಿಯೆಂದರೆ, ತಂಡದ ದುಭಾಷಿ ವಿಜಿಲಾಸನ ಹೊಟ್ಟೆಯೊಳಗೆ ಒಂದು ಕೊಲೆಯ ಸಂಚಿತ್ತು. ಅಟ್ಟಿಲಾನ ಅಂಗರಕ್ಷಕರಲ್ಲಿ ಒಬ್ಬನಾದ ಎಡೆಕೋನಿಗೆ ಐವತ್ತು ಪೌಂಡು ಬಂಗಾರದ ಆಸೆ ತೋರಿಸಿ, ಅವನ ಕೈಯಿಂದಲೇ ದೊರೆಯನ್ನು ಮುಗಿಸುವುದೆಂದು ಅರಮನೆಯಲ್ಲಿ ಮಾತಾಗಿತ್ತು. ಆ ವ್ಯವಹಾರ ಕುದುರಿದ್ದೂ ವಿಜಿಲಾಸನ ನಾಲಗೆಯ ಮೇಲೆಯೇ, ಏಕೆಂದರೆ ಎಡೆಕೋನ ಮಾತು ಅರಮನೆಯವರಿಗೆ ತಿಳಿಯದು, ಅವರದು ಇವನಿಗೆ ತಿಳಿಯದು. ಎಡೆಕೋ ಊರು ಮುಟ್ಟಿದ್ದೇ ತಡ, ಎಲ್ಲವನ್ನೂ ಅಟ್ಟಿಲಾನ ಕಿವಿಗೆ ಹಾಕಿದ. ಒಂದು ಸಾಮ್ರಾಜ್ಯದ ಗುಟ್ಟು ಒಬ್ಬ ದುಭಾಷಿಯ ಬಾಯಲ್ಲಿ ಇದ್ದ ಕಾಲ ಅದು. ಆ ದುಭಾಷಿಗಳಲ್ಲಿ ಒಬ್ಬನಾದರೂ ಒಂದು ಶಬ್ದಪಟ್ಟಿ ಬರೆದಿಟ್ಟಿದ್ದರೆ ನಮ್ಮ ಪಾಡು ಬೇರೆಯಾಗುತ್ತಿತ್ತು.

ದಾರಿಯ ವಿವರ ಪ್ರಿಸ್ಕಸನ ಬರಹದಲ್ಲಿ ಚೆನ್ನಾಗಿದೆ. ಸೆರ್ಡಿಕಾದಲ್ಲಿ, ಅಂದರೆ ಈಗಿನ ಸೋಫಿಯಾದಲ್ಲಿ, ಊಟಕ್ಕೆ ಕೂತಾಗ ಜಗಳ. ನಮ್ಮ ಚಕ್ರವರ್ತಿ ದೇವರು, ಅಟ್ಟಿಲಾ ಬರೀ ಮನುಷ್ಯ, ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು ಎಂದು ವಿಜಿಲಾಸ್ ಬಾಯಿ ಹರಿಬಿಟ್ಟ, ಹೂಣರು ಕೆಂಡವಾದರು, ಆಮೇಲೆ ರೇಷ್ಮೆ, ರತ್ನ ಕೊಟ್ಟು ಸಮಾಧಾನ ಮಾಡಬೇಕಾಯಿತು. ಡ್ಯಾನ್ಯೂಬ್ ದಾಟಿದ ಮೇಲೆ ಒಂದಿಡೀ ಮರವನ್ನು ಕೊರೆದು ಮಾಡಿದ ದೋಣಿಗಳಲ್ಲಿ ಹೊಳೆ ದಾಟುತ್ತಾ ಹೋದರು. ಹಳ್ಳಿಗಳಲ್ಲಿ ಇವರಿಗೆ ಗೋದಿಯ ಬದಲು ನವಣೆಯಂಥ ಸಣ್ಣ ಧಾನ್ಯ ಸಿಕ್ಕಿತು, ದ್ರಾಕ್ಷಾರಸದ ಬದಲು ಆ ಕಡೆಯವರು ‘ಮೆಡೋಸ್’ ಎನ್ನುವ ಪಾನೀಯ. ಜೊತೆಯ ಆಳುಗಳಿಗೆ ಬಾರ್ಲಿಯಿಂದ ತೆಗೆದ ‘ಕಾಮೋಸ್’. ಹೂಣ ಭಾಷೆಯ ನಿಘಂಟಿನ ಮೂರರಲ್ಲಿ ಎರಡು ಪಾಲು ಈ ಒಂದು ಊಟದ ಪ್ರಸಂಗದಿಂದ ಬಂದದ್ದು.

ಮೆಡೋಸ್ ಎಂದೊಡನೆ ನಮ್ಮ ಕಿವಿ ನಿಮಿರುವುದು ಸಹಜ. ಅದು ಮಧುವೇ. ಸಂಸ್ಕೃತದ ಮಧು, ಗ್ರೀಕಿನ ಮೆಥು, ಲಿಥುವೇನಿಯನ್ನಿನ ಮೆಡುಸ್, ರಷ್ಯನ್ನಿನ ಮ್ಯೋದ್, ಇಂಗ್ಲಿಷಿನ ಮೀಡ್ ಎಲ್ಲ ಒಂದೇ ಬಳ್ಳಿಯ ಕಾಯಿ. ಜೇನನ್ನು ಹುಳಿ ಬರಿಸಿ ಮಾಡುವ ಪಾನೀಯ. ಹಾಗಾದರೆ ಹೂಣರದು ಇಂಡೋ-ಯುರೋಪಿಯನ್ ಭಾಷೆಯೇ? ಅವಸರ ಬೇಡ. ಪ್ರಿಸ್ಕಸ್ ಹೇಳಿದ್ದು ಆ ಸೀಮೆಯವರು ಹಾಗೆನ್ನುತ್ತಾರೆ ಎಂದು ಮಾತ್ರ. ಡ್ಯಾನ್ಯೂಬ್ ಬಯಲಿನ ಹಳ್ಳಿಗಳಲ್ಲಿ ಆಗ ಯಾರಿರಲಿಲ್ಲ? ಗೋಥರು, ಗೆಪಿಡರು, ಸರ್ಮೇಷಿಯನ್ನರು, ಸೆರೆ ಸಿಕ್ಕ ರೋಮನ್ನರು. ನವಣೆ ತಂದುಕೊಟ್ಟವನು ಯಾರೋ, ಪಾತ್ರೆ ಮುಂದಿಟ್ಟವಳು ಯಾರೋ. ಕಾಮೋಸಿನ ವಿಷಯವಂತೂ ಇನ್ನೂ ಬಿಗಿ. 301ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಸರಕುಗಳಿಗೆ ಗರಿಷ್ಠ ಬೆಲೆ ಕಟ್ಟಿ ಹೊರಡಿಸಿದ ಶಾಸನದಲ್ಲಿ ಆ ಪಾನೀಯದ ಹೆಸರು ಆಗಲೇ ಇದೆ. ಹೂಣರು ಯುರೋಪಿಗೆ ಕಾಲಿಡುವುದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲು ರೋಮಿನ ಬೆಲೆಪಟ್ಟಿಯಲ್ಲಿದ್ದ ಮಾತನ್ನು ಹೂಣರದೆನ್ನುವುದು ಹೇಗೆ?

ಮೂರನೆಯದು ‘ಸ್ಟ್ರಾವಾ’. ಇದು ಪ್ರಿಸ್ಕಸನದಲ್ಲ, ನೂರು ವರ್ಷ ಆದ ಮೇಲೆ, 551ರ ಸುಮಾರಿಗೆ, ಗೋಥರ ಚರಿತ್ರೆ ಬರೆದ ಜೋರ್ಡಾನೆಸನದು. ಅಟ್ಟಿಲಾನ ಹೆಣದ ಸುತ್ತ ಒಳ್ಳೆಯ ಸವಾರರು ಕುದುರೆ ಓಡಿಸಿ ಅವನ ಸಾಹಸ ಹಾಡಿದರಂತೆ. ಅತ್ತದ್ದಾದ ಮೇಲೆ ಸಮಾಧಿಯ ದಿಬ್ಬದ ಬಳಿ ಭಾರಿ ಔತಣ ನಡೆಸಿದರಂತೆ; ಅದಕ್ಕೆ ಅವರು ಸ್ಟ್ರಾವಾ ಎನ್ನುತ್ತಾರೆ ಎಂದು ಬರೆದ. ಸ್ಲಾವ್ ಭಾಷೆಗಳಲ್ಲಿ ಇದೇ ರೂಪದ ಮಾತಿಗೆ ಊಟ ಎಂದು ಅರ್ಥ. ಗೋಥಿಕ್‌ನಿಂದ ಬಂದದ್ದು ಎನ್ನುವವರೂ ಇದ್ದಾರೆ. ಹೂಣರದೇ ಎಂದು ಎದೆ ತಟ್ಟಿ ಹೇಳುವವರು ಕಡಮೆ. ಜೋರ್ಡಾನೆಸ್ ಆ ಶೋಕಗೀತೆಯ ಸಾರವನ್ನೂ ಕೊಡುತ್ತಾನೆ. ಮುಂಡ್ಜುಕನ ಮಗ, ಎರಡು ರೋಮ್‌ಗಳನ್ನೂ ನಡುಗಿಸಿದವ, ಶತ್ರುವಿನ ಏಟಿನಿಂದಲೂ ನಂಟರ ಮೋಸದಿಂದಲೂ ಸಾಯದೆ ಸಂಭ್ರಮದ ನಡುವೆ ನೋವಿಲ್ಲದೆ ಹೋದವ ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಆದರೆ ಎಲ್ಲವೂ ಲ್ಯಾಟಿನ್ನಿನಲ್ಲಿ. ಇಡೀ ಹಾಡಿನ ಅರ್ಥ ಉಳಿಯಿತು, ಒಂದು ಅಕ್ಷರದ ದನಿಯೂ ಉಳಿಯಲಿಲ್ಲ. ಹೂಣರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಇನ್ನು ಹೆಸರುಗಳು. ಭಾಷಾಪಂಡಿತರ ಕುಸ್ತಿಯೆಲ್ಲ ಈ ಅಖಾಡದಲ್ಲೇ. ಹೆಸರನ್ನು ಹಿಡಿದು ಭಾಷೆ ಕಟ್ಟುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ, ಕನ್ನಡವೆಲ್ಲ ಅಳಿದುಹೋಗಿ ಇಂಗ್ಲಿಷರ ಕಡತದ ‘ಮರ್ಕರಾ’, ‘ಸೆರಿಂಗಪಟಂ’ಗಳಷ್ಟೇ ಉಳಿದಿದ್ದರೆ ಅವುಗಳಿಂದ ಕನ್ನಡದ ವ್ಯಾಕರಣ ಬರೆಯಲು ಹೊರಟವನ ಸ್ಥಿತಿ ಊಹಿಸಿಕೊಳ್ಳಿ. ಅಟ್ಟಿಲಾನ ಅಪ್ಪ ಪ್ರಿಸ್ಕಸನ ಗ್ರೀಕಿನಲ್ಲಿ ಮೌಂಡಿಯೂಖೋಸ್, ಜೋರ್ಡಾನೆಸನ ಲ್ಯಾಟಿನ್ನಿನಲ್ಲಿ ಮುಂಡ್ಜುಕ್. ಗ್ರೀಕಿನಲ್ಲಿ ಚ ಇಲ್ಲ, ಜ ಇಲ್ಲ, ಶ ಇಲ್ಲ. ಕಿವಿಗೆ ಬಿದ್ದದ್ದನ್ನು ಇದ್ದ ಅಕ್ಷರದಲ್ಲಿ ತುರುಕಬೇಕು, ಕೊನೆಗೆ ಒಂದು ‘ಓಸ್’ ಅಂಟಿಸಬೇಕು. ಹೀಗೆ ಜಜ್ಜಿಹೋದ ಹೆಸರಿನ ಒಳಗಿನ ತಿರುಳು ಯಾವುದು? ತುರ್ಕಿಯ ‘ಬೊಂಜುಕ್’, ಅಂದರೆ ಮಣಿ, ಎನ್ನುವುದು ಒಂದು ವಾದ. ದೃಷ್ಟಿಯಾಗದಿರಲೆಂದು ತುರ್ಕರು ಇವತ್ತಿಗೂ ಮನೆ ಬಾಗಿಲಿಗೆ ಕಟ್ಟುವ ನೀಲಿಮಣಿಗೆ ಅದೇ ಮಾತು. ಅಟ್ಟಿಲಾನ ಮಗ ಡೆಂಗಿಜಿಖ್ ಎಂಬವನಲ್ಲಿ ತುರ್ಕಿಯ ‘ದೆನಿಜ್’, ಸಮುದ್ರ, ಕೇಳುತ್ತದೆ. ಕಿರಿಯವ ಎರ್ನಾಕನಲ್ಲಿ ‘ಎರ್’, ಗಂಡಸು. ಇಷ್ಟೇ ಇದ್ದಿದ್ದರೆ ಹೂಣರದು ತುರ್ಕಿ ಬಳಗದ ಭಾಷೆ ಎಂದು ಪುಸ್ತಕ ಮುಚ್ಚಬಹುದಿತ್ತು. ಬಹಳ ಕಾಲ ಹೆಚ್ಚಿನ ವಿದ್ವಾಂಸರು ವಾಲಿದ್ದೂ ಆ ಕಡೆಗೇ. ಹಾರ್ವರ್ಡಿನ ಒಮೆಲ್ಯಾನ್ ಪ್ರಿತ್ಸಾಕ್ 1982ರಲ್ಲಿ 33 ಹೆಸರುಗಳನ್ನು ಬಿಡಿಸಿ ನೋಡಿ, ಅದು ತುರ್ಕಿಗೂ ಮಂಗೋಲಕ್ಕೂ ನಡುವಿನ, ಹಳೆಯ ಬಲ್ಗಾರರ ಭಾಷೆಗೆ ಹತ್ತಿರದ ನುಡಿ ಎಂದ. ಜರ್ಮನಿಯ ಗೆರ್ಹಾರ್ಡ್ ಡೋರ್ಫರ್ ಅದಕ್ಕೂ ಮೊದಲೇ, 1973ರಲ್ಲಿ, ಇಷ್ಟು ಕಡಮೆ ಸಾಮಗ್ರಿ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಲಾಗದು ಎಂಬ ನಿಲುವು ತಳೆದಿದ್ದ. ನನ್ನ ಓಟು ಡೋರ್ಫರನಿಗೆ. ಅಕ್ಷರವೊಂದನ್ನು ಬದಲಿಸಿ, ಇನ್ನೊಂದನ್ನು ನುಂಗಿ, ಮೂರನೆಯದನ್ನು ಸೇರಿಸಿದರೆ ಯಾವ ಹೆಸರಿಗೆ ಯಾವ ಭಾಷೆಯಲ್ಲಿ ಅರ್ಥ ಹುಟ್ಟುವುದಿಲ್ಲ?

ಆದರೆ ದೊಡ್ಡ ತೊಡಕು ಯಜಮಾನನ ಹೆಸರಿನಲ್ಲೇ ಇದೆ. ಗೋಥಿಕ್‌ನಲ್ಲಿ ‘ಅಟ್ಟಾ’ ಎಂದರೆ ಅಪ್ಪ, ‘ಇಲಾ’ ಎಂಬುದು ಮುದ್ದಿಗೆ ಸೇರಿಸುವ ಬಾಲ. ಅಟ್ಟಿಲಾ, ಪುಟ್ಟಪ್ಪ. ಬೈಬಲನ್ನು ಗೋಥಿಕ್‌ಗೆ ತಂದ ಬಿಷಪ್ಪನ ಹೆಸರು ವುಲ್ಫಿಲಾ, ಅದೇ ಅಚ್ಚಿನದು. ಕೊನೆಯ ಹೆಂಡತಿ ಇಲ್ಡಿಕೋ ಜರ್ಮಾನಿಕ್ ಹೆಸರಿನವಳು. ಆಸ್ಥಾನದ ದೊಡ್ಡವರಲ್ಲಿ ಅರ್ಧಕ್ಕರ್ಧ ಹೆಸರು ಗೋಥರವು. ಹಾಗೆಂದು ಅವರೆಲ್ಲ ಗೋಥರಾಗಬೇಕಿಲ್ಲ. ಜೋರ್ಡಾನೆಸನೇ ಒಂದು ಕಡೆ ಹೇಳುತ್ತಾನೆ: ಜನ ಅಕ್ಕಪಕ್ಕದವರ ಹೆಸರು ಇಟ್ಟುಕೊಳ್ಳುವುದುಂಟು, ಗೋಥರು ಹೂಣರ ಹೆಸರು ಇಟ್ಟುಕೊಳ್ಳುತ್ತಾರೆ, ಸರ್ಮೇಷಿಯನ್ನರು ಜರ್ಮನರದು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದರೆ ಹೆಸರುಗಳ ಮೇಲೆ ಕಟ್ಟಿದ ಅರಮನೆಗಳಲ್ಲಿ ಮುಕ್ಕಾಲು ಉರುಳುತ್ತವೆ. ಹೆಸರು ಫ್ಯಾಷನ್ನಿಗೆ ಸೇರಿದ್ದು, ಮನೆಮಾತಿಗಲ್ಲ.

ಪ್ರಿಸ್ಕಸ್ ಕಂಡ ಅಟ್ಟಿಲಾನ ಊರು ಒಂದು ಭಾಷೆಯದಾಗಿರಲಿಲ್ಲ. ಕಲಬೆರಕೆ ಜನ, ತಮ್ಮ ತಮ್ಮ ಮನೆಮಾತಿನ ಜೊತೆಗೆ ಹೂಣರದನ್ನೋ ಗೋಥರದನ್ನೋ ಕಲಿಯುತ್ತಾರೆ, ರೋಮನ್ನರೊಡನೆ ವ್ಯವಹಾರ ಇರುವವರು ಲ್ಯಾಟಿನ್ನನ್ನೂ. ಗ್ರೀಕ್ ಮಾತ್ರ ಸೆರೆಯಾಳುಗಳನ್ನು ಬಿಟ್ಟರೆ ಯಾರಿಗೂ ಸುಲಭವಾಗಿ ಬಾರದು ಎಂದು ಬರೆದಿದ್ದಾನೆ. ಹೀಗಾಗಿಯೇ ಒಂದು ಬೆಳಗ್ಗೆ ಹೂಣರ ವೇಷದಲ್ಲಿದ್ದ ಒಬ್ಬ ಅಚ್ಚ ಗ್ರೀಕಿನಲ್ಲಿ ‘ಖೈರೆ’ ಎಂದು ನಮಸ್ಕಾರ ಹೇಳಿದಾಗ ಪ್ರಿಸ್ಕಸ್ ಬೆಚ್ಚಿದ್ದು. ಅವನು ವಿಮಿನೇಷಿಯಂ ಪಟ್ಟಣದಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು, ಸೆರೆ ಸಿಕ್ಕು, ಯುದ್ಧದಲ್ಲಿ ಹೋರಾಡಿ ಬಿಡುಗಡೆ ಪಡೆದು, ಅಲ್ಲೇ ಹೆಂಡತಿ ಮಕ್ಕಳೊಂದಿಗೆ ನೆಲೆ ನಿಂತಿದ್ದ; ರೋಮಿನ ತೆರಿಗೆ, ಕೋರ್ಟು ಕಚೇರಿಗಿಂತ ಇದೇ ವಾಸಿ ಎಂದು ಪ್ರಿಸ್ಕಸನೊಡನೆ ವಾದಕ್ಕೇ ಇಳಿದ. ಅಟ್ಟಿಲಾನ ಲ್ಯಾಟಿನ್ ಪತ್ರ ಬರೆಯುತ್ತಿದ್ದವರು ಸೆರೆಯಾಗಿ ಬಂದವರು, ಇಲ್ಲವೇ ರೋಮಿನಿಂದ ಕಳಿಸಿಕೊಟ್ಟವರು. ಅವನ ಕಾರ್ಯದರ್ಶಿಗಳಲ್ಲಿ ಒಬ್ಬನಾದ ಓರೆಸ್ಟೆಸನ ಮಗನೇ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ರೊಮುಲಸ್ ಅಗುಸ್ಟುಲಸ್. ಆಳುವ ಕೈ ಹೂಣರದು, ಬರೆಯುವ ಕೈ ಇನ್ನೊಬ್ಬರದು. ಭಾಷೆ ಅಳಿಯುವುದಕ್ಕೆ ಸೋಲೇ ಬೇಕೆಂದಿಲ್ಲ. ಗೆದ್ದವನು ಕಡತವನ್ನು ಬೇರೆಯವರ ನುಡಿಯಲ್ಲಿ ಇಡಿಸಿದರೂ ಸಾಕು.

ಅಟ್ಟಿಲಾ ಕೊಟ್ಟ ಔತಣದ ವರ್ಣನೆಯನ್ನು ಇಲ್ಲಿ ಹೇಳಲೇಬೇಕು. ಅತಿಥಿಗಳಿಗೆ ಬೆಳ್ಳಿಯ ತಟ್ಟೆ, ಬಂಗಾರ ಬೆಳ್ಳಿಯ ಬಟ್ಟಲು. ಅಟ್ಟಿಲಾನಿಗೆ ಮರದ ತಟ್ಟೆ, ಮರದ ಬಟ್ಟಲು. ಕತ್ತಲಾದ ಮೇಲೆ ಪಂಜು ಹಚ್ಚಿದರು. ಇಬ್ಬರು ಮುಂದೆ ಬಂದು ನಿಂತು ತಾವೇ ಕಟ್ಟಿದ ಹಾಡು ಹೇಳಿದರು, ದೊರೆಯ ಗೆಲುವುಗಳ ಮೇಲೆ. ಕೇಳುತ್ತಾ ಕೆಲವರು ಹಿಗ್ಗಿದರು, ಮುದುಕರು ತಮ್ಮ ಕಾಲದ ಯುದ್ಧ ನೆನೆದು ಅತ್ತರು. ಪ್ರಿಸ್ಕಸ್ ಕಣ್ಣೀರನ್ನು ಬರೆದುಕೊಂಡ, ಹಾಡನ್ನು ಬರೆದುಕೊಳ್ಳಲಿಲ್ಲ. ಆಮೇಲೆ ಜೆರ್ಕೋನ್ ಬಂದ. ಗೂನುಬೆನ್ನಿನ, ಕುಳ್ಳನೆಯ ಮೂರ್ ವಿದೂಷಕ. ಬ್ಲೇಡಾನಿಗೆ ಪ್ರೀತಿಪಾತ್ರನಾಗಿದ್ದವನು, ಈಗ ಕಳೆದುಕೊಂಡ ಹೆಂಡತಿಯನ್ನು ವಾಪಸು ಕೇಳಲು ಬಂದಿದ್ದ. ಲ್ಯಾಟಿನ್, ಹೂಣ, ಗೋಥಿಕ್ ಮೂರನ್ನೂ ಕಲಸುಮೇಲೋಗರ ಮಾಡಿ ಮಾತಾಡಿದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಅಟ್ಟಿಲಾ ಒಬ್ಬನನ್ನು ಬಿಟ್ಟು. ಅವನ ಮುಖ ಸಡಿಲವಾದದ್ದು ಕಿರಿಯ ಮಗ ಎರ್ನಾಕ್ ಬಂದು ಪಕ್ಕದಲ್ಲಿ ನಿಂತಾಗ ಮಾತ್ರ. ಜೆರ್ಕೋನ್ ಎಬ್ಬಿಸಿದ ಆ ನಗೆ ನಮಗೊಂದು ಸಾಕ್ಷಿ: ಮೂರು ಭಾಷೆಯ ಬೆರಕೆಗೆ ನಗಬೇಕಾದರೆ ಕೂತವರಿಗೆ ಮೂರೂ ಒಂದಿಷ್ಟು ತಿಳಿದಿರಬೇಕು. ಹೂಣ ಎಂಬ ಭಾಷೆ ಬೇರೆಯೇ ಇತ್ತು, ಅದು ಗೋಥಿಕ್ ಅಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಅಷ್ಟರ ಮಟ್ಟಿಗೆ ನೆಲ ಗಟ್ಟಿ.

ಭಾಷೆ ಅನಾಥವಾದರೆ ವಾರಸುದಾರರಿಗೆ ಬರವಿಲ್ಲ. 1280ರ ದಶಕದಲ್ಲೇ ಹಂಗೇರಿಯ ಸೈಮನ್ ಕೇಜಾಯಿ ತನ್ನ ಜನರ ಚರಿತ್ರೆಯನ್ನು ಹೂಣರಿಂದ ಶುರು ಮಾಡಿದ. ಅಟ್ಟಿಲಾ ನಮ್ಮ ಮುತ್ತಜ್ಜ ಎಂಬ ನಂಬಿಕೆ ಅಲ್ಲಿನವರ ರಕ್ತಕ್ಕಿಳಿಯಿತು; ಅಟ್ಟಿಲಾ ಎಂಬುದು ಅಲ್ಲಿ ಈಗಲೂ ಮನೆಮನೆಯ ಹೆಸರು. ಇದಕ್ಕೆ ನೀರೆರಚಿದವನು ಯಾನೋಶ್ ಶೈನೊವಿಚ್ ಎಂಬ ಜೆಸ್ಯೂಟ್ ಪಾದ್ರಿ. 1769ರಲ್ಲಿ ಸೂರ್ಯನ ಮೇಲೆ ಶುಕ್ರ ಹಾಯುವುದನ್ನು ನೋಡಲು ನಾರ್ವೆಯ ತುತ್ತತುದಿಯ ವಾರ್ಡೋಗೆ ಹೋದವನು, ಅಲ್ಲಿನ ಲ್ಯಾಪರ ಮಾತಿಗೂ ತನ್ನ ಹಂಗೇರಿಯನ್ನಿಗೂ ನಂಟು ಕಂಡು ಮರುವರ್ಷ ಪುಸ್ತಕ ಪ್ರಕಟಿಸಿದ. ವಾದ ಸರಿಯಾಗಿತ್ತು. ಆದರೆ ಊರಿನವರಿಗೆ ಕೋಪ ಬಂತು. ಜಗತ್ತನ್ನು ನಡುಗಿಸಿದ ಅಟ್ಟಿಲಾನನ್ನು ಬಿಟ್ಟು ಉತ್ತರದ ಬೆಸ್ತರೊಡನೆ ಬೀಗತನವೇ? ಅದನ್ನು ಅವರು ‘ಮೀನುನಾತದ ನೆಂಟಸ್ತಿಕೆ’ ಎಂದು ಹಂಗಿಸಿದರು. ತುರ್ಕಿಯಲ್ಲೂ ಅಷ್ಟೇ. ಅಲ್ಲಿನ ಅಧ್ಯಕ್ಷರ ಲಾಂಛನದ 16 ನಕ್ಷತ್ರಗಳು 16 ಹಳೆಯ ತುರ್ಕಿ ರಾಜ್ಯಗಳ ಗುರುತು ಎನ್ನುತ್ತಾರೆ. ಆ ಪಟ್ಟಿಯಲ್ಲಿ ಅಟ್ಟಿಲಾನ ರಾಜ್ಯವೂ ಉಂಟು.

ಅವರನ್ನು ನೋಡಿ ನಗುವ ಮುಂಚೆ ನಮ್ಮದೊಂದು ಕತೆ ಇದೆ. ಈಜಿಪ್ಟಿನ ಆಕ್ಸಿರಿಂಕಸಿನ ಕಸದ ದಿಬ್ಬಗಳಲ್ಲಿ ಸಿಕ್ಕಿ, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ 2ನೆಯ ಶತಮಾನದ ಗ್ರೀಕ್ ಪ್ರಹಸನ. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ಒಬ್ಬ ರಾಜನ ಸೆರೆಯಲ್ಲಿದ್ದಾಳೆ; ಅವಳ ಕಡೆಯವರು ರಾಜನಿಗೂ ಅವನ ಜನಕ್ಕೂ ಕಂಠಮಟ್ಟ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅಲ್ಲಿನವರು ಆಡುವ ಮಾತು ಗ್ರೀಕ್ ಅಕ್ಷರದಲ್ಲಿದೆ, ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಅದು ಕನ್ನಡ ಎಂದ. ಪಾತ್ರೆಗೆ ಸ್ವಲ್ಪ ಮಧು ಹಾಕುವ ಮಾತು ಅವನಿಗೆ ಅದರಲ್ಲಿ ಕೇಳಿಸಿತು. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಹಿಂದೆ ಬಿದ್ದರು. ಬಾರ್ನೆಟ್ ಎಂಬ ವಿದ್ವಾಂಸ ಒಪ್ಪಲಿಲ್ಲ. ಮುಂದೆ ಅದು ಕನ್ನಡವಲ್ಲ, ತುಳು ಎಂಬ ವಾದವೂ ಎದ್ದಿತು. ಎಂಥ ಹೋಲಿಕೆ ನೋಡಿ: ಅಲ್ಲೂ ಗ್ರೀಕನ ಕಿವಿ, ಅಲ್ಲೂ ಕುಡಿತದ ಸನ್ನಿವೇಶ, ಅಲ್ಲೂ ಮಧು. ಆ ಪ್ರಹಸನದಲ್ಲಿ ಕನ್ನಡ ಇರಲಿ ಎಂದು ನನ್ನ ಮನಸ್ಸೂ ಬಯಸುತ್ತದೆ. ಹಂಗೇರಿಯವನ ಆಸೆಗೂ ಇದಕ್ಕೂ ಬಣ್ಣ ಒಂದೇ. ವ್ಯತ್ಯಾಸವಿಷ್ಟೇ, ಕನ್ನಡಕ್ಕೆ ಮುಂದೆ ಹಲ್ಮಿಡಿ ಇತ್ತು, ಅದಾದ ಮೇಲೆ ಸಾವಿರಾರು ಕಲ್ಲುಗಳು ಇದ್ದವು. ಹೂಣರಿಗೆ ಒಂದು ಕಲ್ಲೂ ಇಲ್ಲ.

ಹಾಗಾದರೆ ಹೂಣರು ಎಲ್ಲಿಂದ ಬಂದರು? 18ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಜೋಸೆಫ್ ದ ಗೀನ್ಯ, ಚೀನಾದ ಬಡಗಣ ಗಡಿಯನ್ನು ಕಾಡಿದ ಶಿಯೊಂಗ್‌ನು ಜನರೇ ಹೂಣರು ಎಂದ. ಆ ಮಾತು ಎರಡೂವರೆ ಶತಮಾನ ಏಳುತ್ತಾ ಬೀಳುತ್ತಾ ಬಂದಿದೆ. 1907ರಲ್ಲಿ ದುನ್‌ಹುವಾಂಗಿನ ಪಶ್ಚಿಮದ ಒಂದು ಕಾವಲುಗೋಪುರದಲ್ಲಿ ಆರೆಲ್ ಸ್ಟೈನನಿಗೆ ಸೊಗ್ದಿಯಾನದ ವರ್ತಕರ ಓಲೆಗಳ ಕಟ್ಟು ಸಿಕ್ಕಿತು. 311ರಲ್ಲಿ ಶಿಯೊಂಗ್‌ನುಗಳು ಲುವೊಯಾಂಗ್ ನಗರವನ್ನು ಸುಟ್ಟ ಸುದ್ದಿ ಅದರಲ್ಲಿದೆ. ಸುಟ್ಟವರನ್ನು ಆ ವರ್ತಕ ಕರೆದದ್ದು ‘ಹೂನ್’ ಎಂದೇ. ಹೆಸರು ಕೂಡಿತು. ಆದರೆ ಮೇಲೆ ಕಂಡಂತೆ ಹೆಸರು ಎರವಲು ಹೋಗುವ ವಸ್ತು.

ಶಿಯೊಂಗ್‌ನುಗಳ ಭಾಷೆಯಾದರೂ ತಿಳಿದಿದೆಯೇ ಎಂದರೆ ಅಲ್ಲೂ ಹೆಚ್ಚುಕಡಮೆ ಬರಿಗೈ. ಅವರ ಒಂದು ಶಾಖೆ ಎನ್ನಲಾದ ಜಿಯೆ ಜನರ ನುಡಿಯಲ್ಲಿ ಹತ್ತು ಅಕ್ಷರಗಳ ಒಂದು ಸಾಲು ಚೀನಾದ ‘ಜಿನ್ ಶು’ ಎಂಬ ಚರಿತ್ರೆಯಲ್ಲಿದೆ. ಅದು ಸಿಕ್ಕಿದ ಬಗೆಯೇ ಸೋಜಿಗ. 4ನೆಯ ಶತಮಾನದಲ್ಲಿ ಜಿಯೆ ದೊರೆ ಶಿ ಲೆ, ಲಿಯು ಯಾವೊ ಎಂಬ ವೈರಿಯ ಮೇಲೆ ದಂಡೆತ್ತಿ ಹೋಗಬೇಕೋ ಬೇಡವೋ ಎಂದು ಬೌದ್ಧ ಭಿಕ್ಷು ಫೋತುದೆಂಗನನ್ನು ಕೇಳಿದ. ಭಿಕ್ಷು ಗೋಪುರದ ಗಂಟೆಗಳ ನಾದಕ್ಕೆ ಕಿವಿಗೊಟ್ಟು, ಅವು ಹೀಗೆನ್ನುತ್ತಿವೆ ಎಂದು ಜಿಯೆ ಮಾತಿನಲ್ಲೇ ಹೇಳಿದ. ದಂಡು ಹೊರಟರೆ ಲಿಯು ಯಾವೊ ಸೆರೆ ಸಿಗುತ್ತಾನೆ ಎಂಬ ಅರ್ಥ. ಗಂಟೆಯ ಬಾಯಿಂದ ಭಿಕ್ಷುವಿಗೆ, ಭಿಕ್ಷುವಿನಿಂದ ದೊರೆಗೆ, ಅಲ್ಲಿಂದ ಮುನ್ನೂರು ವರ್ಷ ದಾಟಿ ತಾಂಗರ ಕಾಲದ ಲಿಪಿಕಾರರ ಚೀನೀ ಚಿತ್ರಾಕ್ಷರಕ್ಕೆ. ಇಂಥ ಹತ್ತು ಅಕ್ಷರದಲ್ಲಿ ಫಿನ್ಲೆಂಡಿನ ರಾಮ್‌ಸ್ಟೆಡ್ ತುರ್ಕಿಯನ್ನು ಓದಿದ. ಅಲೆಕ್ಸಾಂಡರ್ ವೊವಿನ್ 2000ದಲ್ಲಿ ಸೈಬೀರಿಯಾದ ಯೆನಿಸೇಯನ್ ಬಳಗದ ನುಡಿ ಎಂದು ಓದಿದ. ಅದಕ್ಕೂ ಮುಂಚೆ, 1962ರಲ್ಲಿ, ಪುಲಿಬ್ಲಾಂಕ್ ಶಿಯೊಂಗ್‌ನು ಶಬ್ದಗಳನ್ನು ಅದೇ ದಿಕ್ಕಿಗೆ ತಿರುಗಿಸಿದ್ದ.

2025ರಲ್ಲಿ ಈ ದಾರಿಗೆ ಹೊಸ ಬಲ ಬಂತು. ಸ್ವೆನ್ಯಾ ಬೊನ್‌ಮಾನ್ ಮತ್ತು ಸೈಮನ್ ಫ್ರೀಸ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು, ಶಿಯೊಂಗ್‌ನುಗಳೂ ಅಟ್ಟಿಲಾನ ಹೂಣರೂ ಆಡಿದ್ದು ಒಂದೇ ಭಾಷೆ, ಅದು ಯೆನಿಸೇಯನ್ ಬಳಗದ ಆರಿನ್ ಎಂಬ ನುಡಿಯ ಹಳೆಯ ರೂಪ ಎಂದು ವಾದಿಸಿದರು. ಎರವಲು ಶಬ್ದ, ನದಿಗಳ ಹೆಸರು, ದೊರೆಗಳ ಹೆಸರು ಇವೇ ಅವರ ಸಾಕ್ಷಿ. ಅವರ ಲೆಕ್ಕದಲ್ಲಿ ಅಟ್ಟಿಲಾ ಪುಟ್ಟಪ್ಪನಲ್ಲ, ಚುರುಕಿನವ. ಅದೇ ವರ್ಷ ಇನ್ನೊಂದು ತಂಡ ಮಂಗೋಲಿಯಾದಿಂದ ಮಧ್ಯ ಯುರೋಪಿನವರೆಗೆ ಎಂಟುನೂರು ವರ್ಷಗಳ ಅವಧಿಯಲ್ಲಿ ಬಾಳಿದ 370 ಜನರ ಪ್ರಾಚೀನ ಡಿಎನ್‌ಎ ಪರೀಕ್ಷಿಸಿ, ಶಿಯೊಂಗ್‌ನು ಕಾಲದ ಮೇಲ್ವರ್ಗದವರ ವಂಶವಾಹಿ ಹೂಣರ ಕಾಲದ ಯುರೋಪಿನ ಕೆಲವೇ ಕೆಲವು ಗೋರಿಗಳಲ್ಲಿ ಇರುವುದನ್ನು ತೋರಿಸಿತು. ಉಳಿದವರು ನಾನಾ ಮೂಲದವರು. ಪ್ರಿಸ್ಕಸ್ ಕಲಬೆರಕೆ ಜನ ಎಂದದ್ದಕ್ಕೆ ಎಲುಬುಗಳೂ ಹೂಂಗುಟ್ಟಿದಂತಾಯಿತು. ಎಲುಬು ಭಾಷೆ ಹೇಳದು, ನಿಜ. ಆದರೂ ಎಲ್ಲೋ ಪೂರ್ವದಿಂದ ಬಂದ ಕೆಲವು ಮನೆತನಗಳು, ಅವುಗಳದೊಂದು ಮನೆಮಾತು, ಸುತ್ತ ಗೋಥಿಕ್ ಮಾತಾಡುವ ದೊಡ್ಡ ದಂಡು ಎಂಬ ಚಿತ್ರ ನನಗೆ ನಂಬುವಂತೆ ಕಾಣುತ್ತದೆ. ಆ ಮನೆಮಾತು ಆರಿನ್ನೇ ಎನ್ನುವುದಕ್ಕೆ ಮಾತ್ರ ಇನ್ನೊಂದು ಹೆಜ್ಜೆ ಜಿಗಿಯಬೇಕು, ಆ ಜಿಗಿತವನ್ನು ಬೇರೆ ಪಂಡಿತರು ಇನ್ನೂ ಅಳೆಯುತ್ತಿದ್ದಾರೆ.

ಆರಿನ್ ನುಡಿ 18ನೆಯ ಶತಮಾನದಲ್ಲೇ ಅಳಿಯಿತು. ಸೈಬೀರಿಯಾ ಸುತ್ತಿದ ವಿದ್ವಾಂಸರು ಬರೆದುಕೊಂಡ ಶಬ್ದಪಟ್ಟಿಗಳಲ್ಲಷ್ಟೇ ಅದು ಈಗ ಇರುವುದು. ಆ ಬಳಗದಲ್ಲಿ ಇವತ್ತಿಗೂ ಜೀವ ಹಿಡಿದಿರುವುದು ಕೆಟ್ ಎಂಬ ಒಂದೇ ಭಾಷೆ, ಯೆನಿಸೇ ನದಿಯ ದಂಡೆಯ ಹಳ್ಳಿಗಳಲ್ಲಿ. ಜನ ಸಾವಿರದ ಆಸುಪಾಸು, ಮಾತು ಸರಾಗವಾಗಿ ಬಲ್ಲವರು ಕೆಲವೇ ಮಂದಿ ಹಿರಿಯರು. ಸೋವಿಯತ್ ಕಾಲದ ವಸತಿಶಾಲೆಗಳಲ್ಲಿ ಮಕ್ಕಳ ಬಾಯಿಗೆ ರಷ್ಯನ್ ಬಂತು, ಕೆಟ್ ಹೋಯಿತು. ಕುದುರೆ ಸಾಕಿದವರಲ್ಲ, ಸಾಮ್ರಾಜ್ಯ ಕಟ್ಟಿದವರಲ್ಲ. ಕಾಡಿನಲ್ಲಿ ಅಳಿಲು ಬೇಟೆಯಾಡಿ, ಹೊಳೆಯಲ್ಲಿ ಮೀನು ಹಿಡಿದು ಬದುಕಿದವರು. ಬೊನ್‌ಮಾನ್ ಮತ್ತು ಫ್ರೀಸರ ವಾದ ನಿಂತರೆ, ಹಂಗೇರಿಯವರು ಯಾವ ಮೀನುನಾತಕ್ಕೆ ಮೂಗು ಮುಚ್ಚಿಕೊಂಡು ಅಟ್ಟಿಲಾನ ಕಡೆಗೆ ಓಡಿದರೋ ಅದೇ ನಾತ ಅಟ್ಟಿಲಾನ ಮನೆಯ ಕಡೆಯಿಂದಲೂ ಬಂದಂತಾಗುತ್ತದೆ.